ಒದ್ದೆ ಕೈಗೆ ಒಗ್ಗುವ ಜಿಪಿಎಸ್

ಕೈಯಲ್ಲಿ ಹಿಡಿಯುವ ಜಿಪಿಎಸ್ ಕೊಳ್ಳುವಾಗ ನಾನು ಮೊದಲು ನೋಡುವುದು ಅದರ ಗುಂಡಿಗಳನ್ನು. ನಕ್ಷೆ ಹೇಗಿದೆ, ಪರದೆ ಎಷ್ಟು ದೊಡ್ಡದು, ಎಷ್ಟು ಉಪಗ್ರಹ ಹಿಡಿಯುತ್ತದೆ ಎಂಬುದೆಲ್ಲ ಆಮೇಲೆ. ಮೀನು ಹಿಡಿಯುವಾಗ ಒಂದು ಕೈಯಲ್ಲಿ ಗಾಳದ ಕೋಲು ಇರುತ್ತದೆ. ಇನ್ನೊಂದು ಕೈ ಒದ್ದೆಯಾಗಿರುತ್ತದೆ, ಮೀನಿನ ಲೋಳೆ ಬೇರೆ ಅಂಟಿರುತ್ತದೆ. ದೋಣಿ ಸೆಳವಿಗೆ ಸಿಕ್ಕಿ ಸರಿಯುತ್ತಲೇ ಇರುತ್ತದೆ. ಆ ಹೊತ್ತಿನಲ್ಲಿ ಪರದೆ ನೋಡದೆ, ಬರೀ ಹೆಬ್ಬೆರಳಿನಿಂದ ಒತ್ತಿ ಆ ಜಾಗಕ್ಕೆ ಗುರುತು ಹಾಕಲು ಆಗಬೇಕು. ಅದು ಆಗದಿದ್ದರೆ ಉಳಿದದ್ದು ಎಷ್ಟು ಚೆನ್ನಾಗಿದ್ದರೂ ನನಗೆ ಬೇಡ.

ಲೆಕ್ಕ ಹಾಕಿ ನೋಡಿ. ದೋಣಿ ಗಂಟೆಗೆ 3 ಕಿಲೋಮೀಟರ್ ವೇಗದಲ್ಲಿ ತೇಲುತ್ತಿದ್ದರೆ ಸೆಕೆಂಡಿಗೆ ಸುಮಾರು 80 ಸೆಂಟಿಮೀಟರ್ ಸರಿಯುತ್ತದೆ. ಕೈ ಒರೆಸಿಕೊಂಡು, ಟಚ್ ಪರದೆ ಒರೆಸಿ, ಮೆನು ತೆರೆದು, ಸರಿಯಾದ ಕಡೆ ಬೆರಳಿಡುವಷ್ಟರಲ್ಲಿ 20 ಸೆಕೆಂಡ್ ಹೋಗುತ್ತದೆ. ಅಷ್ಟರಲ್ಲಿ ನೀವು 16 ಮೀಟರ್ ಆಚೆ ಇರುತ್ತೀರಿ. ಮುಳುಗಿದ ಒಂದು ಮರದ ಬೊಡ್ಡೆಯ ಸುತ್ತ ಮೀನು ನಿಂತಿದ್ದರೆ, 16 ಮೀಟರ್ ಆಚೆ ಬಿದ್ದ ಗುರುತಿನಿಂದ ಏನೂ ಪ್ರಯೋಜನವಿಲ್ಲ.

ಗಾರ್ಮಿನ್ ಕಂಪನಿಯ ಜಿಪಿಎಸ್‌ಮ್ಯಾಪ್ 64, 65, 66, 67 ಸರಣಿಗಳಲ್ಲಿ ಗುರುತು ಹಾಕಲೆಂದೇ ಒಂದು ಮಾರ್ಕ್ ಗುಂಡಿ ಇದೆ. ಅದೇ ಕಂಪನಿಯ ಸಣ್ಣ ಇಟ್ರೆಕ್ಸ್ 22ಎಕ್ಸ್, 32ಎಕ್ಸ್‌ಗಳಲ್ಲಿ ಮುಂಭಾಗದ ಪುಟ್ಟ ಕಡ್ಡಿಯನ್ನು ಒತ್ತಿ ಹಿಡಿದರೆ ಅದೇ ಕೆಲಸ ಆಗುತ್ತದೆ. ಎರಡೂ ನನಗೆ ಒಪ್ಪಿಗೆ. ಒತ್ತಿದ ಹೊತ್ತಿನ ಜಾಗವನ್ನು ಸಾಧನ ಹಿಡಿದಿಟ್ಟುಕೊಳ್ಳುತ್ತದೆ. ಹೆಸರು, ಚಿಹ್ನೆ, ಟಿಪ್ಪಣಿಯನ್ನು ಕೈ ಒಣಗಿದ ಮೇಲೆ ಸೇರಿಸಬಹುದು. ಅಂಗಡಿಯಲ್ಲಿ ಸಾಧನ ಕೈಗೆ ಸಿಕ್ಕರೆ ಕಣ್ಣು ಮುಚ್ಚಿಕೊಂಡು ಆ ಗುಂಡಿ ಹುಡುಕಿ ನೋಡಿ. ಚಳಿಗೆ ಕೈಗವಸು ಹಾಕುವವರಾದರೆ ಅದನ್ನೂ ಹಾಕಿಕೊಂಡು ಒತ್ತಿ ನೋಡಿ.

ಮೀನು ಹಿಡಿಯುವವರಿಗೆ ಜಿಪಿಎಸ್ ಬೇಕಾಗಿರುವುದೇ ಅದೇ ಜಾಗಕ್ಕೆ ಮತ್ತೆ ಹೋಗಲು. ಇದು ಹೊಸ ಆಸೆಯೇನಲ್ಲ. ಜಿಪಿಎಸ್ ಬರುವ ಮೊದಲೂ ನೀರಿನ ಮೇಲಿನ ಜಾಗವನ್ನು ನೆನಪಿಡುವ ಒಳ್ಳೆಯ ಉಪಾಯ ಇತ್ತು. ದಡದ ಒಂದು ಮರವನ್ನು ಅದರ ಹಿಂದಿನ ಗುಡ್ಡದ ತುದಿಗೆ ನೇರ ಮಾಡಿಕೊಳ್ಳಬೇಕು. ಅದು ಒಂದು ಗೆರೆ. ಇನ್ನೊಂದು ದಿಕ್ಕಿನಲ್ಲಿ ಒಂದು ಬಂಡೆ, ಅದರ ಹಿಂದೆ ಒಂದು ಕಂಬ. ಅದು ಎರಡನೆಯ ಗೆರೆ. ಎರಡೂ ಒಂದೇ ಹೊತ್ತಿಗೆ ನೇರವಾದ ಕಡೆ ನಿಮ್ಮ ಜಾಗ. ಈಗಲೂ ನಾನು ಒಳ್ಳೆಯ ಜಾಗಗಳಿಗೆ ಹೀಗೆ ಗೆರೆ ನೋಡಿಟ್ಟುಕೊಳ್ಳುತ್ತೇನೆ, ಬ್ಯಾಟರಿ ಕೇಳದ ವಿದ್ಯೆ ಅದು. ಆದರೆ ಮಂಜು ಕವಿದರೆ, ಕತ್ತಲಾದರೆ, ದಡ ದೂರವಾದರೆ ಅದು ನಡೆಯುವುದಿಲ್ಲ. ಮರ ಕಡಿದರಂತೂ ಮುಗಿಯಿತು.

ಜಿಪಿಎಸ್ ಕೂಡ ಮೊದಲಿಂದಲೂ ಈ ಕೆಲಸಕ್ಕೆ ಬರುತ್ತಿರಲಿಲ್ಲ. ಸಾಮಾನ್ಯ ಜನರಿಗೆ ಸಿಗುತ್ತಿದ್ದ ಸಂಕೇತವನ್ನು ಅಮೆರಿಕ ಬೇಕೆಂದೇ ಕೆಡಿಸಿ ಕಳಿಸುತ್ತಿತ್ತು. ಜಾಗ 100 ಮೀಟರಿನವರೆಗೂ ತಪ್ಪಾಗಬಹುದಿತ್ತು. 2000ದ ಮೇ ತಿಂಗಳ ಮೊದಲಲ್ಲಿ ಅದನ್ನು ನಿಲ್ಲಿಸಿದರು. ಒಂದು ಬಂಡೆಯ ಮೇಲೆ, ಒಂದು ಮಡುವಿನ ಅಂಚಿಗೆ ಮತ್ತೆ ಬಂದು ನಿಲ್ಲುವುದು ಕೈ ಸಾಧನದಿಂದ ಸುಲಭವಾಗಿದ್ದು ಅಲ್ಲಿಂದಾಚೆಗೆ.

ಈಗ ಬಯಲಿನಲ್ಲಿ, ಆಕಾಶ ತೆರೆದಿದ್ದರೆ, ಒಳ್ಳೆಯ ಸಾಧನ ಸಾಮಾನ್ಯವಾಗಿ 3ರಿಂದ 5 ಮೀಟರ್ ಒಳಗಿನ ಜಾಗ ತೋರಿಸುತ್ತದೆ. ಇಲ್ಲಿ ಒಂದು ಮಾತು ನೆನಪಿಡಿ. ಗುರುತು ಹಾಕುವಾಗ ಒಂದು ತಪ್ಪು ಇರುತ್ತದೆ, ವಾಪಸ್ ಬಂದಾಗ ಇನ್ನೊಂದು ತಪ್ಪು ಇರುತ್ತದೆ. ಎರಡೂ ಎದುರುಬದುರಾದರೆ 10 ಮೀಟರ್ ಆಗಿಬಿಡುತ್ತದೆ. ಆದ್ದರಿಂದ ಪರದೆಯಲ್ಲಿ ಗುರುತಿನ ದೂರ ಸೊನ್ನೆ ಮುಟ್ಟಿತು ಅಂತ ಅಲ್ಲೇ ಲಂಗರು ಇಳಿಸಬೇಡಿ. ಸುತ್ತ ಒಮ್ಮೆ ನಿಧಾನವಾಗಿ ಬನ್ನಿ. ಇನ್ನೊಂದು ವಿಷಯ: ಗುರುತು ಬೀಳುವುದು ಸಾಧನ ಇರುವ ಜಾಗಕ್ಕೆ, ಗಾಳ ಬಿದ್ದ ಜಾಗಕ್ಕಲ್ಲ. 25 ಮೀಟರ್ ದೂರ ಎಸೆದು ಮೀನು ಹಿಡಿದಿದ್ದರೆ ದಿಕ್ಕು ಮತ್ತು ದೂರವನ್ನು ಟಿಪ್ಪಣಿಯಲ್ಲಿ ಬರೆದುಕೊಳ್ಳಿ. ನಿಂತ ಜಾಗದಿಂದ ದಿಕ್ಕು, ದೂರ ಕೊಟ್ಟು ಹೊಸ ಗುರುತು ಮಾಡುವ ಸೌಲಭ್ಯ ಕೆಲವು ಸಾಧನಗಳಲ್ಲಿ ಇದೆ. ದಡದಿಂದ ಗಾಳ ಹಾಕುವವರಿಗೆ ಅದು ತುಂಬಾ ಉಪಯೋಗ.

ಈ ಸಾಧನದಿಂದ ನನಗೆ ಅತಿ ಹೆಚ್ಚು ಲಾಭವಾಗಿರುವುದು ನೀರಿನ ಮೇಲೆ ಅಲ್ಲ, ನೀರಿಲ್ಲದಾಗ. ಅಣೆಕಟ್ಟಿನ ಹಿನ್ನೀರು ಇಳಿದು ತಳ ಕಾಣುವ ಕಾಲ ಬಂದರೆ ಗಾಳ ಮನೆಯಲ್ಲಿಟ್ಟು ಜಿಪಿಎಸ್ ಹಿಡಿದು ಹೊರಡುತ್ತೇನೆ. ಆಗ ಎಲ್ಲವೂ ಕಣ್ಣೆದುರೇ ಇರುತ್ತದೆ. ಹಳೆಯ ಹಳ್ಳದ ಪಾತ್ರ ಎಲ್ಲಿ ತಿರುಗುತ್ತದೆ, ಅದರ ದಂಡೆ ಎಲ್ಲಿ ಕಡಿದಾಗಿದೆ, ಮುಳುಗಿದ ರಸ್ತೆ ಎಲ್ಲಿ ಹಾದುಹೋಗಿದೆ, ಕಲ್ಲಿನ ಗೋಡೆ, ಬಾವಿ, ಬೊಡ್ಡೆಗಳ ಸಾಲು ಎಲ್ಲಿವೆ ಎಂದು ನಡೆದು ನೋಡಬಹುದು. ಹಳ್ಳದ ಅಂಚಿನಲ್ಲೇ ನಡೆಯುತ್ತಾ ಜಾಡು ದಾಖಲಿಸಿಕೊಳ್ಳುತ್ತೇನೆ. ಬೊಡ್ಡೆಗಳಿಗೆ ಒಂದೊಂದು ಗುರುತು ಹಾಕುತ್ತೇನೆ. ಅವಸರ ಇಲ್ಲದ್ದರಿಂದ ಪ್ರತಿ ಗುರುತಿಗೂ ಸರಾಸರಿ ತೆಗೆಯುವ ಸೌಲಭ್ಯ ಬಳಸುತ್ತೇನೆ. ಒಂದೇ ಜಾಗದಲ್ಲಿ ಸ್ವಲ್ಪ ಹೊತ್ತು ನಿಂತರೆ ಸಾಧನ ಹಲವು ಸಲ ಅಳೆದು ಸರಾಸರಿ ಕೊಡುತ್ತದೆ. ಒಂದೆರಡು ಗಂಟೆ ಬಿಟ್ಟು ಬಂದು ಮತ್ತೆ ಅಳೆದರೆ ಇನ್ನೂ ಒಳ್ಳೆಯದು, ಅಷ್ಟರಲ್ಲಿ ಆಕಾಶದಲ್ಲಿ ಉಪಗ್ರಹಗಳ ಜಾಗ ಬದಲಾಗಿರುತ್ತದೆ.

ನೀರು ತುಂಬಿದ ಮೇಲೆ ಆ ಗುರುತುಗಳೇ ಮೀನಿನ ಮನೆಗಳು. ಅಲ್ಲಿ ನೆರಳಿದೆ, ಮರೆ ಇದೆ, ಆಳ ಒಮ್ಮೆಗೇ ಬದಲಾಗುತ್ತದೆ. ಆಳ ತೋರಿಸುವ ಯಂತ್ರ ಇಲ್ಲದ ಸಣ್ಣ ದೋಣಿಯಲ್ಲೂ ಇದರಿಂದ ತಳದ ಅಂದಾಜು ಸಿಗುತ್ತದೆ. ಅಪಾಯದ ಗುರುತುಗಳನ್ನೂ ಆಗಲೇ ಹಾಕಿಡಿ. ನೀರಿನ ಮಟ್ಟ ಒಂದಿಷ್ಟು ಇಳಿದರೆ ಮೋಟಾರಿನ ರೆಕ್ಕೆಗೆ ತಗಲುವ ಬಂಡೆ, ಚೂಪಾದ ಕಂಬ ಇವಕ್ಕೆಲ್ಲ ನಾನು ಬೇರೆ ಚಿಹ್ನೆ ಕೊಡುತ್ತೇನೆ. ಹತ್ತಿರ ಹೋದಾಗ ಕೂಗುವ ಎಚ್ಚರಿಕೆಯನ್ನೂ ಹಾಕುತ್ತೇನೆ. ಅಂದ ಹಾಗೆ, ಒಣಗಿದಂತೆ ಕಾಣುವ ತಳದಲ್ಲಿ ಕೆಸರು ಮೋಸ ಮಾಡುತ್ತದೆ. ಒಬ್ಬರೇ ಹೋಗಬೇಡಿ.

ಫೋನ್ ಇರುವಾಗ ಇದೆಲ್ಲ ಯಾಕೆ ಅಂತ ಕೇಳುವವರು ಜಾಸ್ತಿ. ನ್ಯಾಯವಾದ ಪ್ರಶ್ನೆಯೇ. ಫೋನಿನ ಜಿಪಿಎಸ್‌ಗೆ ನೆಟ್‌ವರ್ಕ್ ಬೇಕಾಗಿಲ್ಲ. ನಕ್ಷೆ ಮೊದಲೇ ಇಳಿಸಿಕೊಂಡಿದ್ದರೆ ಕಾಡಿನ ನಡುವೆಯೂ ಅದು ನಡೆಯುತ್ತದೆ. ಪರದೆ ದೊಡ್ಡದು, ನಕ್ಷೆ ಚೆಂದ. ಮನೆಯಲ್ಲಿ ಕುಳಿತು ಯೋಜನೆ ಮಾಡಲು ನಾನೂ ಫೋನನ್ನೇ ಬಳಸುತ್ತೇನೆ. ಆದರೆ ಪರದೆಯ ಮೇಲೆ ನೀರಿನ ಹನಿ ಬಿದ್ದರೆ ಟಚ್ ಕೆಡುತ್ತದೆ. ಬಿಸಿಲಿನಲ್ಲಿ ಕಾದರೆ ಫೋನ್ ತಾನೇ ಬೆಳಕು ಇಳಿಸಿಕೊಳ್ಳುತ್ತದೆ, ಕೊನೆಗೆ ನಿಂತೇ ಹೋಗಬಹುದು. ಎಲ್ಲಕ್ಕಿಂತ ಮುಖ್ಯ, ಕಷ್ಟ ಬಂದಾಗ ಸಹಾಯಕ್ಕೆ ಕರೆಯಬೇಕಾದದ್ದೂ ಅದೇ ಫೋನ್. ದಾರಿ ತೋರಿಸಿ ತೋರಿಸಿ ಅದರ ಬ್ಯಾಟರಿ ಖಾಲಿಯಾಗುವುದು ನನಗೆ ಇಷ್ಟವಿಲ್ಲ. ಎರಡೂ ಜೊತೆಗಿರಲಿ, ಕೆಲಸ ಬೇರೆ ಬೇರೆ ಇರಲಿ.

ಬ್ಯಾಟರಿಯ ವಿಷಯಕ್ಕೆ ಬಂದರೆ ನಾನು ಎಎ ಸೆಲ್‌ಗಳ ಕಡೆಯವನು. ಇಟ್ರೆಕ್ಸ್ 22ಎಕ್ಸ್, 32ಎಕ್ಸ್ ಎರಡು ಎಎ ಸೆಲ್‌ಗಳಲ್ಲಿ 25 ಗಂಟೆ ನಡೆಯುತ್ತವೆ ಎಂದು ತಯಾರಕರು ಹೇಳುತ್ತಾರೆ. ಇಟ್ರೆಕ್ಸ್ ಎಸ್‌ಇ ಅದೇ ಎರಡು ಸೆಲ್‌ಗಳಲ್ಲಿ 168 ಗಂಟೆ. ಅದರ ಪರದೆ ಕಪ್ಪು ಬಿಳುಪು, ಒಳಗೆ ನಕ್ಷೆ ಇಲ್ಲ, ಅದಕ್ಕೇ ಅಷ್ಟು ಬಾಳಿಕೆ. ಜಿಪಿಎಸ್‌ಮ್ಯಾಪ್ 67ರಲ್ಲಿ ಚಾರ್ಜ್ ಮಾಡುವ ಬ್ಯಾಟರಿ, 180 ಗಂಟೆ. ಇಂಥ ಸಂಖ್ಯೆಗಳೆಲ್ಲ ಹಿಂಬೆಳಕು ಕಡಿಮೆ ಇಟ್ಟುಕೊಂಡಾಗಿನವು. ರಾತ್ರಿ ಗಾಳ ಹಾಕುವವರು ಅಷ್ಟು ನಿರೀಕ್ಷಿಸಬಾರದು. ಹಾಗಿದ್ದರೂ 180 ಗಂಟೆ ಅಂದರೆ ವಾರದ ತಿರುಗಾಟಕ್ಕೆ ಧಾರಾಳ ಸಾಕು. ಹೀಗಾಗಿ ಒಳಗಿನ ಬ್ಯಾಟರಿ ಬೇಡವೇ ಬೇಡ ಅಂತ ಹೇಳಲಾರೆ. ಆದರೆ ಸೆಲ್ ಮುಗಿದಾಗ ಹೊಸ ಜೋಡಿ ಹಾಕಿ ಅರ್ಧ ನಿಮಿಷದಲ್ಲಿ ಮುಂದೆ ಹೋಗುವ ನೆಮ್ಮದಿಯೇ ಬೇರೆ.

ಸೆಲ್ ಬಳಸುವವರು ಮೆನುವಿನಲ್ಲಿ ಅದು ಯಾವ ಬಗೆಯದು ಎಂದು ತಿಳಿಸಲೇಬೇಕು. ಆಲ್ಕಲೈನ್ 1.5 ವೋಲ್ಟ್, ಚಾರ್ಜ್ ಮಾಡುವ ನಿಕಲ್ ಸೆಲ್ 1.2 ವೋಲ್ಟ್. ಬಗೆ ತಿಳಿಸದಿದ್ದರೆ ಬ್ಯಾಟರಿ ಎಷ್ಟು ಉಳಿದಿದೆ ಎಂಬುದನ್ನು ಸಾಧನ ತಪ್ಪಾಗಿ ತೋರಿಸುತ್ತದೆ. ಹಿಮ ಬೀಳುವ ಕಡೆ ಹೋಗುವವರು ಲಿಥಿಯಂ ಎಎ ಸೆಲ್ ತೆಗೆದುಕೊಳ್ಳಿ, ಚಳಿಗೆ ಆಲ್ಕಲೈನ್ ಬೇಗ ಸೋಲುತ್ತದೆ. ತಿಂಗಳುಗಟ್ಟಲೆ ಬಳಸದಿದ್ದರೆ ಸೆಲ್ ಹೊರಗೆ ತೆಗೆದಿಡಿ. ಸೋರಿದ ಆಲ್ಕಲೈನ್ ಒಳಗಿನ ತಗಡನ್ನು ತಿಂದುಹಾಕುತ್ತದೆ.

ನೀರು ತಡೆಯುವ ವಿಷಯದಲ್ಲಿ ಹೆಚ್ಚಿನ ಕೈ ಸಾಧನಗಳ ಮೇಲೆ ಐಪಿಎಕ್ಸ್7 ಎಂದು ಬರೆದಿರುತ್ತದೆ. 1 ಮೀಟರ್ ಆಳದ ನೀರಿನಲ್ಲಿ 30 ನಿಮಿಷ ಇದ್ದರೂ ಕೆಡುವುದಿಲ್ಲ ಎಂದು ಅರ್ಥ. ಆದರೆ ಮಡುವಿಗೆ ಬಿದ್ದ ಸಾಧನ 1 ಮೀಟರಿಗೆ ನಿಲ್ಲುವುದಿಲ್ಲವಲ್ಲ. ಆದ್ದರಿಂದ ದೋಣಿಯವರು ಕೇಳಬೇಕಾದ ಪ್ರಶ್ನೆ ಅದು ತೇಲುತ್ತದೆಯೇ ಎಂಬುದು. ಜಿಪಿಎಸ್‌ಮ್ಯಾಪ್ 79 ಮತ್ತು 86 ಸರಣಿಗಳು ತೇಲುತ್ತವೆ, ಅವನ್ನು ದೋಣಿಯವರಿಗೆಂದೇ ಮಾಡಿದ್ದಾರೆ. ಇಟ್ರೆಕ್ಸ್ ತೇಲುವುದಿಲ್ಲ. ಅದನ್ನು ಹಗ್ಗದಿಂದ ದೋಣಿಗೋ ಜೀವರಕ್ಷಕ ಅಂಗಿಗೋ ಕಟ್ಟಿಕೊಳ್ಳಿ, ಇಲ್ಲವೇ ಸ್ಪಂಜಿನ ತೇಲುಕಟ್ಟು ಸೇರಿಸಿ. ಉಪ್ಪುನೀರಿನಿಂದ ಬಂದ ಮೇಲೆ ಸಿಹಿನೀರಿನಲ್ಲಿ ತೊಳೆಯದೆ ಇಡಬಾರದು. ತೊಳೆಯುವ ಮೊದಲು ಚಾರ್ಜಿಂಗ್ ಜಾಗದ ರಬ್ಬರ್ ಮುಚ್ಚಳ ಗಟ್ಟಿಯಾಗಿ ಕುಳಿತಿದೆಯೇ ನೋಡಿ. ಮುಚ್ಚಳದ ಕೆಳಗೆ ಒಂದು ಮರಳ ಕಣ ಸಿಕ್ಕಿಕೊಂಡರೂ ನೀರು ಒಳಗೆ ಹೋಗುತ್ತದೆ.

ಪರದೆಯನ್ನು ಬಿಸಿಲಿನಲ್ಲೇ ನೋಡಿ ಆರಿಸಿ. ಒಳ್ಳೆಯ ಕೈ ಸಾಧನಗಳ ಪರದೆ ಬಿಸಿಲನ್ನೇ ಬಳಸಿಕೊಂಡು ಹೊಳೆಯುತ್ತದೆ. ಬಿಸಿಲು ಹೆಚ್ಚಾದಷ್ಟೂ ಸ್ಪಷ್ಟವಾಗಿ ಕಾಣುತ್ತದೆ. ಇದರಲ್ಲಿ ಮೀನುಗಾರರಿಗೇ ಬರುವ ಒಂದು ತೊಂದರೆ ಇದೆ. ನೀರಿನ ಹೊಳಪು ಕಡಿಮೆ ಮಾಡಲು ನಾವು ಪೋಲರೈಸ್ಡ್ ಕನ್ನಡಕ ಹಾಕುತ್ತೇವೆ, ಅಲ್ವಾ? ಕೆಲವು ಪರದೆಗಳು ಆ ಕನ್ನಡಕದಲ್ಲಿ ಒಂದು ಕೋನಕ್ಕೆ ಪೂರ್ತಿ ಕಪ್ಪಾಗುತ್ತವೆ. ನಿಮ್ಮ ಕನ್ನಡಕ ಹಾಕಿಕೊಂಡೇ ಸಾಧನವನ್ನು ನೆಟ್ಟಗೆ, ಅಡ್ಡ ಎರಡೂ ರೀತಿ ಹಿಡಿದು ನೋಡಿ.

ನೀರು ಬಿಟ್ಟು ಕಾಡಿನ ತೊರೆ, ಕಣಿವೆಗಳಿಗೆ ನಡೆಯುವವರಿಗೆ ಆಂಟೆನಾ ಮುಖ್ಯ. ಉಪಗ್ರಹಗಳು ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿವೆ, ಕೆಳಗೆ ಬರುವಷ್ಟರಲ್ಲಿ ಸಂಕೇತ ತೀರಾ ಸಣ್ಣದಾಗಿರುತ್ತದೆ. ಒದ್ದೆ ಎಲೆಗಳ ದಟ್ಟ ಚಪ್ಪರ ಅದನ್ನು ಹೀರುತ್ತದೆ. ಕಣಿವೆಯ ಬಂಡೆಗೋಡೆ ಅದನ್ನು ತಿರುಗಿಸಿ ಎಸೆಯುತ್ತದೆ. ಹಾಗೆ ಸುತ್ತಿ ಬಂದ ಸಂಕೇತ ತಡವಾಗಿ ತಲುಪುತ್ತದೆ, ಸಾಧನ ಉಪಗ್ರಹವನ್ನು ಇನ್ನೂ ದೂರ ಎಂದುಕೊಳ್ಳುತ್ತದೆ, ನಿಮ್ಮ ಜಾಗ ಸರಿದುಹೋಗುತ್ತದೆ. ಇದಕ್ಕೆ ಈಗ ಇರುವ ಒಳ್ಳೆಯ ಉಪಾಯ ಎರಡು ಆವರ್ತನಗಳನ್ನು ಹಿಡಿಯುವ ಸಾಧನ. ಹಳೆಯ ಎಲ್1 ಸಂಕೇತ 1575.42 ಮೆಗಾಹರ್ಟ್ಸ್‌ನದು, ಜೊತೆಗೆ ಎಲ್5 ಎಂಬುದು 1176.45 ಮೆಗಾಹರ್ಟ್ಸ್‌ನದು. ನೇರ ಬಂದ ಸಂಕೇತ ಯಾವುದು, ಪುಟಿದು ಬಂದದ್ದು ಯಾವುದು ಎಂದು ಬೇರ್ಪಡಿಸಲು ಎಲ್5 ಚೆನ್ನಾಗಿ ನೆರವಾಗುತ್ತದೆ. ಜಿಪಿಎಸ್‌ಮ್ಯಾಪ್ 65 ಮತ್ತು 67 ಇದನ್ನು ಹಿಡಿಯುತ್ತವೆ. ಬಯಲು ಕೆರೆಯಲ್ಲಷ್ಟೇ ಮೀನು ಹಿಡಿಯುವವರು ಇದಕ್ಕಾಗಿ ಹೆಚ್ಚು ಹಣ ಕೊಡಬೇಕಾಗಿಲ್ಲ.

ಹಿಡಿಯುವ ರೀತಿಯೂ ಲೆಕ್ಕಕ್ಕೆ ಬರುತ್ತದೆ. ತಲೆಯ ಮೇಲೆ ದಪ್ಪ ಕೊಂಬಿನಂಥ ಆಂಟೆನಾ ಇರುವ ಸಾಧನವನ್ನು ನೆಟ್ಟಗೆ ಹಿಡಿಯಬೇಕು. ಇಟ್ರೆಕ್ಸ್‌ನಂಥ ಚಪ್ಪಟೆ ಆಂಟೆನಾದವನ್ನು ಮುಖ ಮೇಲಾಗಿ ಮಲಗಿಸಬೇಕು. ಸೊಂಟದಲ್ಲಿ ಕಟ್ಟಿಕೊಂಡರೆ ಅರ್ಧ ಆಕಾಶವನ್ನು ನಿಮ್ಮ ಮೈಯೇ ಮುಚ್ಚುತ್ತದೆ. ನಾನು ಚೀಲದ ಭುಜಪಟ್ಟಿಯ ಮೇಲುಭಾಗಕ್ಕೆ ಸಿಕ್ಕಿಸುತ್ತೇನೆ.

ದಿಕ್ಸೂಚಿ ಬೇಕೇ? ನನ್ನ ಪ್ರಕಾರ ಬೇಕು. ದಿಕ್ಸೂಚಿ ಇಲ್ಲದ ಸಾಧನಕ್ಕೆ ನೀವು ನಡೆಯುತ್ತಿದ್ದರಷ್ಟೇ ದಿಕ್ಕು ಗೊತ್ತಾಗುತ್ತದೆ, ನಿಂತರೆ ಗೊತ್ತಾಗುವುದಿಲ್ಲ. ದೋಣಿ ಸುಮ್ನೆ ನಿಂತು ತಿರುಗುತ್ತಿರುವಾಗ ಬಾಣ ಮನಸ್ಸಿಗೆ ಬಂದ ಕಡೆ ತೋರಿಸುತ್ತದೆ. 22ಎಕ್ಸ್‌ನಲ್ಲಿ ದಿಕ್ಸೂಚಿ ಇಲ್ಲ, 32ಎಕ್ಸ್‌ನಲ್ಲಿ ಇದೆ. ಜೊತೆಗೆ ಗಾಳಿಯ ಒತ್ತಡ ಅಳೆದು ಎತ್ತರ ಹೇಳುವ ಸೌಲಭ್ಯವೂ ಇದೆ. ಸೆಲ್ ಬದಲಿಸಿದಾಗಲೆಲ್ಲ ದಿಕ್ಸೂಚಿಯನ್ನು ಮತ್ತೆ ಸರಿಹೊಂದಿಸಿ. ಗಾಳಿಯ ಒತ್ತಡದ ಗೆರೆ ಜೋರಾಗಿ ಇಳಿಯುತ್ತಿದ್ದರೆ ಹವೆ ಕೆಡುತ್ತಿದೆ ಎಂದು ದಡ ಸೇರಿಕೊಳ್ಳಬಹುದು. ಮೀನಿಗೆ ಒಳ್ಳೆಯ ದಿನ ಯಾವುದು ಎಂದು ಹೇಳುವ ಪಂಚಾಂಗವೊಂದು ಹಲವು ಸಾಧನಗಳಲ್ಲಿದೆ. ಅದು ಸೂರ್ಯ ಚಂದ್ರರ ಜಾಗ ನೋಡಿ ಹೇಳುವುದು. ನೀರಿನ ಬಿಸಿ, ಗಾಳಿ, ಕದಡು ಯಾವುದೂ ಅದಕ್ಕೆ ಗೊತ್ತಿಲ್ಲ. ಅದನ್ನು ನೋಡಿ ಸಾಧನ ಆರಿಸಬೇಡಿ.

ಕೈ ಜಿಪಿಎಸ್ ಆಳ ತೋರಿಸುವುದಿಲ್ಲ ಎಂಬುದನ್ನೂ ಹೇಳಿಬಿಡುತ್ತೇನೆ, ಹೊಸಬರು ಹಲವರು ತೋರಿಸುತ್ತದೆ ಎಂದುಕೊಂಡಿರುತ್ತಾರೆ. ಆಳಕ್ಕೆ ಶಬ್ದದ ಅಲೆ ಕಳಿಸುವ ಸೋನಾರ್ ಬೇಕು. ವೇಗ ತೋರಿಸುತ್ತದೆ, ಆದರೆ ನೆಲಕ್ಕೆ ಹೋಲಿಸಿದ ವೇಗ ಅದು. ಸೆಳವಿಗೆ ಎದುರಾಗಿ ಹೋಗುವಾಗ ಪರದೆ 3 ಕಿಲೋಮೀಟರ್ ಅಂದರೂ ನೀರಿನೊಳಗೆ ನಿಮ್ಮ ಆಮಿಷ ಅದಕ್ಕಿಂತ ಜೋರಾಗಿ ಓಡುತ್ತಿರುತ್ತದೆ. ಗುರುತಿನ ಕಡೆ ಹೋಗು ಎಂದರೆ ನೇರ ಗೆರೆ ಎಳೆಯುತ್ತದೆ, ನಡುವೆ ಬಂಡೆಯೋ ನೀರಿಗೆ ಚಾಚಿದ ನೆಲದ ಮೂತಿಯೋ ಇದ್ದರೂ ಅಷ್ಟೇ. ಕತ್ತಲಲ್ಲಿ ವಾಪಸ್ ಬರುವಾಗ ನೇರ ಗೆರೆ ನಂಬಬೇಡಿ. ಬಂದ ಜಾಡನ್ನೇ ಹಿಡಿದು ಹಿಂತಿರುಗುವ ಸೌಲಭ್ಯ ಬಳಸಿ.

ಇನ್ನು ಜಾಗದ ಅಕ್ಷಾಂಶ, ರೇಖಾಂಶ ಹೇಳುವ ಅಂಕಿಗಳ ವಿಷಯ. ಇದನ್ನು ಸ್ವಲ್ಪ ನಿಧಾನವಾಗಿ ಓದಿ, ಜೀವ ಉಳಿಸುವ ಮಾತು ಇದು. ಒಂದೇ ಜಾಗವನ್ನು ಹಲವು ರೀತಿ ಬರೆಯುತ್ತಾರೆ. ಸಮುದ್ರದವರು ಡಿಗ್ರಿ ಮತ್ತು ನಿಮಿಷ ಬಳಸುತ್ತಾರೆ: 13 ಡಿಗ್ರಿ 20.500 ನಿಮಿಷ. ಫೋನಿನ ನಕ್ಷೆಗಳು ಹೆಚ್ಚಾಗಿ ಬರೀ ಡಿಗ್ರಿ ತೋರಿಸುತ್ತವೆ. 60 ನಿಮಿಷಕ್ಕೆ ಒಂದು ಡಿಗ್ರಿ ಆದ್ದರಿಂದ ಅದೇ ಜಾಗ ಅಲ್ಲಿ 13.34167. ಯಾರಾದರೂ ಮೊದಲನೆಯದನ್ನು ಕೇಳಿಸಿಕೊಂಡು 13.20500 ಎಂದು ಫೋನಿಗೆ ಹಾಕಿದರೆ ವ್ಯತ್ಯಾಸ 8.2 ನಿಮಿಷ. ಉತ್ತರ ದಕ್ಷಿಣದ ಒಂದು ನಿಮಿಷ ಅಂದರೆ ಒಂದು ನಾಟಿಕಲ್ ಮೈಲಿ, 1852 ಮೀಟರ್. ಅಲ್ಲಿಗೆ ನಿಮ್ಮನ್ನು ಹುಡುಕಲು ಹೊರಟವರು 15 ಕಿಲೋಮೀಟರ್ ಆಚೆ ಹೋಗಿರುತ್ತಾರೆ. ಜೊತೆಗೆ ಬರುವವರೆಲ್ಲ ಒಂದೇ ರೀತಿ ಇಟ್ಟುಕೊಳ್ಳಿ. ಅಂಕಿ ಹೇಳುವಾಗ ಡಿಗ್ರಿ, ನಿಮಿಷ ಎಂದು ಬಾಯಿಬಿಟ್ಟು ಹೇಳಿ. ಕಾಗದದ ನಕ್ಷೆ ಬಳಸುವವರು ಅದರ ಅಂಚಿನಲ್ಲಿ ಡೇಟಮ್, ಅಂದರೆ ಅಂಕಿಗಳನ್ನು ಅಳೆಯಲು ಆಧಾರವಾಗಿಟ್ಟ ಭೂಮಿಯ ಮಾದರಿ, ಯಾವುದೆಂದು ಓದಿ. ಜಿಪಿಎಸ್ ಸಾಧನ ಮೂಲತಃ ಡಬ್ಲ್ಯೂಜಿಎಸ್84 ಬಳಸುತ್ತದೆ. ಹಳೆಯ ನಕ್ಷೆ ಬೇರೆಯದಾದರೆ ಜಾಗ ನೂರಾರು ಮೀಟರ್ ಸರಿಯಬಹುದು.

ಉಪಗ್ರಹದ ಮೂಲಕ ಸಂದೇಶ, ಅಪಾಯದ ಕರೆ ಕಳಿಸುವ ಸಾಧನಗಳೂ ಇವೆ. ಗಾರ್ಮಿನ್‌ನ ಇನ್‌ರೀಚ್ ಇರಿಡಿಯಂ ಉಪಗ್ರಹಗಳನ್ನು ಬಳಸುತ್ತದೆ. ದೂರದ ಸಮುದ್ರಕ್ಕೆ ಹೋಗುವವರಿಗೆ, ಒಬ್ಬರೇ ಕಾಡಿಗೆ ಹೋಗುವವರಿಗೆ ಅದು ದೊಡ್ಡ ಆಸರೆ. ಚಂದಾ ಕಟ್ಟಬೇಕು. ಕೆಲವು ದೇಶಗಳಲ್ಲಿ ಅನುಮತಿಯಿಲ್ಲದೆ ಇಟ್ಟುಕೊಳ್ಳುವುದೇ ಅಪರಾಧ. ಕೊಳ್ಳುವ ಮೊದಲು, ಗಡಿ ದಾಟುವ ಮೊದಲು ಕಾನೂನು ವಿಚಾರಿಸಿ.

ನನ್ನ ಆಯ್ಕೆ ಕೇಳಿದರೆ, ದಡ ಮತ್ತು ಸಣ್ಣ ದೋಣಿಗೆ 32ಎಕ್ಸ್ ಸಾಕು, ಹಗುರ, ಜೇಬಿಗೆ ಹಿಡಿಸುತ್ತದೆ. ಕಾಡು, ಕಣಿವೆ ಜಾಸ್ತಿ ಇದ್ದರೆ 65ಎಸ್ ಅಥವಾ 67. ದಿನವಿಡೀ ನೀರಿನ ಮೇಲೆ ಇರುವವರಿಗೆ ತೇಲುವ 79.

ಹಳೆಯ ಸಾಧನವೂ ಒಳ್ಳೆಯದೇ, ಗುಂಡಿಗಳು ಸವೆಯದಿದ್ದರೆ. ಆದರೆ ಅದರ ದಿನಾಂಕ ನೋಡಿ. ಜಿಪಿಎಸ್ ವಾರಗಳನ್ನು 1024ರವರೆಗೆ ಎಣಿಸಿ ಮತ್ತೆ ಸೊನ್ನೆಯಿಂದ ಶುರುಮಾಡುತ್ತದೆ. 2019ರ ಏಪ್ರಿಲ್‌ನಲ್ಲಿ ಹಾಗಾದಾಗ ಕೆಲವು ಹಳೆಯ ಸಾಧನಗಳು ಸುಮಾರು 20 ವರ್ಷ ಹಿಂದಿನ ದಿನಾಂಕ ತೋರಿಸತೊಡಗಿದವು. ಅಂಥದ್ದರಲ್ಲಿ ಜಾಗ ಸರಿ ಬಂದರೂ ಜಾಡಿನ ತಾರೀಕು, ಚಂದ್ರನ ಸಮಯ ತಪ್ಪಾಗಿರುತ್ತವೆ. ಬಹಳ ಕಾಲ ಮುಚ್ಚಿಟ್ಟ ಸಾಧನವನ್ನು ಬಯಲಿನಲ್ಲಿಟ್ಟು ಕಾಲು ಗಂಟೆ ಸುಮ್ಮನೆ ಬಿಡಿ. ಉಪಗ್ರಹಗಳ ಪೂರ್ತಿ ಪಟ್ಟಿ ಆಕಾಶದಿಂದ ಇಳಿಯಲು ಹನ್ನೆರಡೂವರೆ ನಿಮಿಷ ಬೇಕು, ಅದು ಇಳಿಯುವ ಮೊದಲೇ ಕೆಟ್ಟಿದೆ ಎಂದು ತೀರ್ಮಾನಿಸಬಾರದು. ಆಮೇಲೆ ಒಂದು ಕಲ್ಲಿನ ಮೇಲಿಟ್ಟು ಗುರುತು ಹಾಕಿ, ಅರ್ಧ ಗಂಟೆ ತಿರುಗಾಡಿ, ಪರದೆಯನ್ನಷ್ಟೇ ನೋಡುತ್ತಾ ಆ ಕಲ್ಲಿನ ಹತ್ತಿರಕ್ಕೆ ವಾಪಸ್ ಬನ್ನಿ. ಕಲ್ಲು ಕೆಲವೇ ಹೆಜ್ಜೆಯೊಳಗೆ ಸಿಕ್ಕರೆ ತೆಗೆದುಕೊಳ್ಳಿ.